ಚಿಗರಿಗೆ ಸೆರೆ ಏಕೆ?

ಬೆಳಗಾವಿ ಸಮೀಪದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಕಿರು ಮೃಗಾಲಯದಲ್ಲಿ 2025ರ ನವೆಂಬರ್ ತಿಂಗಳಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ 31 ಕೃಷ್ಣಮೃಗಗಳು ಸತ್ತವು. ಅಲ್ಲಿದ್ದವು ಒಟ್ಟು 38. ದನಕರುಗಳನ್ನು ಕಾಡುವ ಗಳಲೆ ರೋಗವೇ ಇದಕ್ಕೆ ಕಾರಣವೆಂದು ಪರೀಕ್ಷೆಗಳಿಂದ ತಿಳಿದುಬಂತು. ಸರ್ಕಾರ ತನಿಖೆಗೆ ಆದೇಶಿಸಿತು. ರೋಗ ಹೇಗೆ ಒಳಹೊಕ್ಕಿತು, ಮೊದಲ ಸಾವಿನ ನಂತರ ಉಳಿದವನ್ನು ಬೇರ್ಪಡಿಸಬಹುದಿತ್ತೇ, ಹೊಣೆ ಯಾರದು ಎಂಬ ಚರ್ಚೆ ಪತ್ರಿಕೆಗಳಲ್ಲಿ ನಡೆಯಿತು. ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಇವಕ್ಕಿಂತ ಮೊದಲಿನ ಪ್ರಶ್ನೆಯೊಂದನ್ನು ಕೇಳಿದವರು ಕಡಿಮೆ. ಆ 38 ಪ್ರಾಣಿಗಳು ಬೇಲಿಯ ಒಳಗೆ ಏಕಿದ್ದವು?

ಕೃಷ್ಣಮೃಗ ಎಂಬುದು ಪುಸ್ತಕದ ಹೆಸರು. ನಮ್ಮ ಕಡೆ ಅದನ್ನು ಚಿಗರಿ ಎನ್ನುತ್ತಾರೆ. ಹುಬ್ಬಳ್ಳಿ–ಧಾರವಾಡದ ನಡುವೆ ಪ್ರತ್ಯೇಕ ಪಥದಲ್ಲಿ ಓಡುವ ಬಸ್ಸುಗಳಿಗೆ ಇದೇ ಹೆಸರನ್ನು ಇಟ್ಟಿದ್ದಾರೆ. ವೇಗಕ್ಕೆ ಉತ್ತರ ಕರ್ನಾಟಕದವನಿಗೆ ನೆನಪಾಗುವ ಪ್ರಾಣಿ ಅದೇ. ದಟ್ಟ ಕಾಡು ಅದಕ್ಕೆ ಒಗ್ಗದು. ಬಯಲು ಬೇಕು, ಎಳೆ ಹುಲ್ಲು ಬೇಕು, ಅಪಾಯವನ್ನು ದೂರದಿಂದಲೇ ಕಾಣುವಷ್ಟು ತೆರೆದ ದಿಗಂತ ಬೇಕು. ಅಡಗಿ ಕುಳಿತು ಬದುಕುವ ಪ್ರಾಣಿಯಲ್ಲ. ನೋಡಿ, ನೆಗೆದು, ಓಡಿ ಬದುಕುವ ಪ್ರಾಣಿ. ಅದರ ಕಣ್ಣು, ಕಾಲು, ಗುಂಪಿನ ನಡವಳಿಕೆ ಎಲ್ಲವೂ ಈ ಒಂದು ಉಪಾಯದ ಸುತ್ತ ರೂಪುಗೊಂಡಿವೆ. ಅಂಥದ್ದನ್ನು ತಂತಿಬೇಲಿಯ ಆವರಣದಲ್ಲಿ ಇಟ್ಟು ಹುಲ್ಲಿನ ಕಟ್ಟು ಹಾಕಿದರೆ ಅದು ಸಾಯುವುದಿಲ್ಲ, ಮರಿಯನ್ನೂ ಹಾಕುತ್ತದೆ. ಆದರೆ ಚಿಗರಿಯಲ್ಲಿ ನೋಡಬೇಕಾದದ್ದೇನಿದೆಯೋ ಅದು ಆ ಆವರಣದಲ್ಲಿ ಇರುವುದಿಲ್ಲ.

ಸಿಂಧನೂರು ತಾಲ್ಲೂಕಿನ ಸಾಲಗುಂದ ನನ್ನ ಊರು. ಇಂದು ಅಲ್ಲಿಗೆ ಹೋದವರಿಗೆ ಕಾಣುವುದು ಭತ್ತದ ಗದ್ದೆಗಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಎರೆಹೊಲಗಳ ಚಹರೆಯೇ ಬದಲಾಯಿತು. ಕರಾವಳಿ ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡರು. ಹಿಂಗಾರಿ ಜೋಳ, ಕಡಲೆ, ಹತ್ತಿ ಹಿಂದೆ ಸರಿದವು. ನಾನು ಅರ್ಥಶಾಸ್ತ್ರ ಓದಿದವನು, ಈ ಬದಲಾವಣೆಯಿಂದ ಬಂದ ಅನ್ನವನ್ನು ಅಲ್ಲಗಳೆಯುವ ಮೂರ್ಖತನ ನನಗಿಲ್ಲ. ಆದರೆ ಕೆಸರುಗದ್ದೆಯಲ್ಲಿ ಚಿಗರಿ ಓಡಲಾರದು. ಜೋಳದ ಹೊಲದಂಚಿನಲ್ಲಿ ಚಿಗರಿ ಹಿಂಡು ಕಂಡ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಈಗಿನ ಊರ ಹುಡುಗರಿಗೆ ಆ ಪದವೇ ಬಸ್ಸಿನ ಹೆಸರು.

ಹೀಗೆ ನೆಲ ಕಳೆದುಕೊಂಡ ಪ್ರಾಣಿಯನ್ನು ಉಳಿಸಿಕೊಳ್ಳಲು ಮೃಗಾಲಯ ಬೇಡವೇ ಎಂದು ಯಾರಾದರೂ ಕೇಳಬಹುದು. ಉತ್ತರಿಸುವ ಮುನ್ನ, ಕಾಡುಪ್ರಾಣಿಯನ್ನು ಕಟ್ಟಿಹಾಕುವ ವಿಷಯದಲ್ಲಿ ಸರ್ಕಾರ ಜನಸಾಮಾನ್ಯರಿಗೆ ಯಾವ ನಿಯಮ ವಿಧಿಸಿತು ಎಂಬುದನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ನಮ್ಮ ಭಾಗದಲ್ಲಿ ಹರಣಶಿಕಾರಿ ಎಂಬ ಸಮುದಾಯವಿದೆ. ಹೆಸರೇ ಅವರ ಹಳೆಯ ಕಸುಬನ್ನು ಹೇಳುತ್ತದೆ. ತಲೆತಲಾಂತರದಿಂದ ಬಂದ ಆ ಜೀವನೋಪಾಯ ಅಪರಾಧವಾಯಿತು. ಕರಡಿ ಕುಣಿಸುತ್ತಿದ್ದ ಖಲಂದರರ ಪಾಡೂ ಅದೇ. ಮರಿ ಕರಡಿಯ ಮೂತಿಗೆ ತೂತು ಕೊರೆದು ಹಗ್ಗ ಪೋಣಿಸುವುದು, ಹಲ್ಲು ಮುರಿಯುವುದು ಕ್ರೂರವೆಂಬುದರಲ್ಲಿ ಎರಡು ಮಾತಿಲ್ಲ. 2009ರ ಡಿಸೆಂಬರಿನಲ್ಲಿ ರಾಜು ಎಂಬ ಕರಡಿಯನ್ನು ಬನ್ನೇರುಘಟ್ಟದ ಪುನರ್ವಸತಿ ಕೇಂದ್ರಕ್ಕೆ ಒಪ್ಪಿಸಿದಾಗ, ದೇಶದ ಕೊನೆಯ ಕುಣಿಯುವ ಕರಡಿಗೂ ಬಿಡುಗಡೆಯಾಯಿತೆಂದು ಘೋಷಿಸಲಾಯಿತು. ಸರ್ಕಸ್ಸಿನವರ ಸರದಿ ಅದಕ್ಕಿಂತ ಮೊದಲೇ ಬಂದಿತ್ತು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಪಳಗಿಸಬಾರದೆಂದು ಕೇಂದ್ರ ಸರ್ಕಾರ 1998ರಲ್ಲಿ ಅಧಿಸೂಚನೆ ಹೊರಡಿಸಿತು. ಸರ್ಕಸ್ ಮಾಲೀಕರು ತಮ್ಮ ವೃತ್ತಿಸ್ವಾತಂತ್ರ್ಯದ ಹೆಸರಿನಲ್ಲಿ ನ್ಯಾಯಾಲಯಕ್ಕೆ ಹೋದರು. 2001ರಲ್ಲಿ ಸುಪ್ರೀಂ ಕೋರ್ಟ್ ಅಧಿಸೂಚನೆಯನ್ನು ಎತ್ತಿಹಿಡಿಯಿತು.

ಈ ಎಲ್ಲ ಕ್ರಮಗಳ ಹಿಂದೆ ಒಂದೇ ತತ್ತ್ವವಿದೆ. ನೋಡುಗರ ಮನರಂಜನೆಯಾಗಲಿ, ಇಟ್ಟುಕೊಂಡವನ ಹೊಟ್ಟೆಪಾಡಾಗಲಿ, ಕಾಡುಪ್ರಾಣಿಯನ್ನು ಸೆರೆಯಲ್ಲಿ ಇಡಲು ಸಾಕಷ್ಟು ಕಾರಣವಲ್ಲ. ಒಪ್ಪಿಕೊಳ್ಳೋಣ. ಆದರೆ ಹರಕು ಗುಡಿಸಲಿನ ಖಲಂದರನಿಗೆ ಅನ್ವಯಿಸಿದ ತತ್ತ್ವ, ಟಿಕೆಟ್ ಕೌಂಟರ್ ಇಟ್ಟುಕೊಂಡ ಸರ್ಕಾರಕ್ಕೂ ಅನ್ವಯಿಸಬೇಕಲ್ಲವೇ? ಸೆರೆಯಿಟ್ಟವನೇ ಕಾರಣ ಹೇಳಬೇಕು. ಅದೂ ಮೃಗಾಲಯಗಳು ಒಳ್ಳೆಯವು ಎಂಬ ಸಾಮಾನ್ಯ ಮಾತಿನಲ್ಲಲ್ಲ, ಈ ಪ್ರಾಣಿ ಈ ಬೇಲಿಯೊಳಗೆ ಏಕಿದೆ ಎಂದು ಒಂದೊಂದಕ್ಕೂ ಹೇಳಬೇಕು.

ಸರ್ಕಾರದ ಬಳಿ ಕಾರಣಗಳಿಲ್ಲವೆಂದಲ್ಲ. ಮೈಸೂರಿನಲ್ಲಿ ಹತ್ತನೇ ಚಾಮರಾಜ ಒಡೆಯರು 1892ರಲ್ಲಿ ಮೃಗಾಲಯ ಆರಂಭಿಸಿದಾಗ ಅದು ಅರಮನೆಯ ಕುತೂಹಲದ ಸಂಗ್ರಹವಾಗಿತ್ತು. ಕಾರಣ ಕೇಳುವ ಕಾಲ ಅದಲ್ಲ. 1992ರಲ್ಲಿ ಕೇಂದ್ರೀಯ ಮೃಗಾಲಯ ಪ್ರಾಧಿಕಾರ ಬಂತು, 1998ರಲ್ಲಿ ರಾಷ್ಟ್ರೀಯ ಮೃಗಾಲಯ ನೀತಿ ಬಂತು. ಮೃಗಾಲಯದ ಮುಖ್ಯ ಉದ್ದೇಶ ವನ್ಯಜೀವಿ ಸಂರಕ್ಷಣೆಗೆ ಪೂರಕವಾಗಿ ದುಡಿಯುವುದು ಎಂದು ಆ ನೀತಿ ಹೇಳುತ್ತದೆ. ಸಂರಕ್ಷಣೆ, ಶಿಕ್ಷಣ, ಆಶ್ರಯ ಎಂಬ ಈ ಮೂರು ಕಾರಣಗಳನ್ನು ನಾನು ಗೌರವದಿಂದಲೇ ನೋಡುತ್ತೇನೆ. ಅರೇಬಿಯಾದ ಓರಿಕ್ಸ್ ಎಂಬ ಬಿಳಿ ಹುಲ್ಲೆ 1972ರ ಹೊತ್ತಿಗೆ ಮರುಭೂಮಿಯಿಂದ ಅಳಿದುಹೋಗಿತ್ತು. ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ ಮುಂದಾಲೋಚನೆಯಿಂದ ಬೆಳೆಸಿಟ್ಟಿದ್ದ ಹಿಂಡು ಇದ್ದುದರಿಂದ 1982ರಲ್ಲಿ ಓಮಾನಿನ ಬಯಲಿಗೆ ಅದನ್ನು ಮರಳಿ ಬಿಡುವುದು ಸಾಧ್ಯವಾಯಿತು. ಚಿಗರಿಯ ದೂರದ ದಾಯಾದಿಯೇ ಅದು. ಮೃಗಾಲಯವೇ ಇರಬಾರದು ಎನ್ನುವವರು ಈ ಕಥೆಗೆ ಉತ್ತರ ಹೇಳಬೇಕಾಗುತ್ತದೆ.

ಈಗ ಭೂತರಾಮನಹಟ್ಟಿಯ ಚಿಗರಿಗಳನ್ನು ಇದೇ ಕಾರಣಗಳ ಎದುರು ನಿಲ್ಲಿಸಿ ನೋಡೋಣ. ಚಿಗರಿ ಅಳಿದುಹೋದ ಪ್ರಾಣಿಯಲ್ಲ. ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಕನೂರು ಹೊಲಗಳಲ್ಲಿ, ಗದಗ ಜಿಲ್ಲೆಯ ಎರೆ ಬಯಲಿನಲ್ಲಿ ಹಿಂಡು ಹಿಂಡಾಗಿ ಬೆಳೆ ಮೇಯುತ್ತದೆಂಬುದೇ ರೈತರ ದೂರು. ರಾಣೆಬೆನ್ನೂರಿನಲ್ಲಿ ಅದಕ್ಕಾಗಿಯೇ 1974ರಿಂದ ಅಭಯಾರಣ್ಯವಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಘೋಷಿಸಿದ ಜಯಮಂಗಲಿ ಸಂರಕ್ಷಣಾ ಮೀಸಲು ಇದೆ. ಬೇಲಿಯೊಳಗೆ ಹುಟ್ಟಿದ ಮರಿಗಳನ್ನು ಬಯಲಿಗೆ ಬಿಡುವ ಯೋಜನೆ ಇದ್ದಿದ್ದರೆ ಸಂರಕ್ಷಣೆ ಎನ್ನಬಹುದಿತ್ತು. ಹೊರಗೆ ನೂರಾರು ಇರುವಾಗ ಅಂಥ ಯೋಜನೆಯ ಅಗತ್ಯವೇ ಇಲ್ಲ. ಆಶ್ರಯವೆನ್ನೋಣವೆಂದರೆ, ಗಾಯಗೊಂಡ ಒಂದೆರಡಕ್ಕೆ ಆ ಮಾತು ಸಲ್ಲಬಹುದು. 38ರ ಹಿಂಡಿಗೆ ಅದನ್ನು ಹೇಳುವುದು ಕಷ್ಟ. ಉಳಿದದ್ದು ಶಿಕ್ಷಣವೊಂದೇ. ಅದಕ್ಕೆ ಮುಂದೆ ಬರುತ್ತೇನೆ.

ಸೇವೆಯಲ್ಲಿದ್ದಾಗ ಜಿಲ್ಲೆಯೊಂದರಲ್ಲಿ ಕಿರು ಮೃಗಾಲಯ ಸ್ಥಾಪಿಸುವ ಪ್ರಸ್ತಾವದ ಕಡತ ನನ್ನ ಮೇಜಿಗೆ ಬಂದಿತ್ತು. ಟಿಪ್ಪಣಿಯಲ್ಲಿ ಉದ್ದೇಶಗಳನ್ನು ಬರೆದಿದ್ದ ಕ್ರಮ ಇಂದಿಗೂ ನೆನಪಿದೆ: ಪ್ರವಾಸೋದ್ಯಮ, ಮಕ್ಕಳ ಮನರಂಜನೆ, ಸ್ಥಳೀಯ ಉದ್ಯೋಗ, ಕೊನೆಗೆ ಸಂರಕ್ಷಣೆ. ಜೊತೆಗೆ ಪ್ರಾಣಿಗಳ ಪಟ್ಟಿ. ಚುಕ್ಕೆ ಜಿಂಕೆ, ಕೃಷ್ಣಮೃಗ, ನವಿಲು, ಮೊಸಳೆ. ಎರಡನೆಯ ಹಂತದಲ್ಲಿ ಚಿರತೆ. ‘ಚಿರತೆ ಬರುವ ತನಕ ಜನ ಬರುವುದಿಲ್ಲ ಸರ್’ ಎಂದು ಸಂಬಂಧಪಟ್ಟ ಅಧಿಕಾರಿ ನಿಷ್ಕಪಟವಾಗಿಯೇ ಹೇಳಿದರು. ಪಟ್ಟಿಯ ಯಾವ ಪ್ರಾಣಿಗೆ ಬೇರೆಲ್ಲೂ ನೆಲೆಯಿಲ್ಲದೆ ಇಲ್ಲಿಗೆ ತರಲಾಗುತ್ತಿದೆ ಎಂದು ನಾನು ಕಡತದಲ್ಲಿ ಒಂದು ಸಾಲು ಬರೆದು ಹಿಂದಿರುಗಿಸಿದೆ. ಅದಕ್ಕೆ ಉತ್ತರ ಬರಲಿಲ್ಲ. ಹಣಕಾಸಿನ ಕೊರತೆಯಿಂದ ಪ್ರಸ್ತಾವ ಬಿದ್ದುಹೋಯಿತು, ನನ್ನ ಪ್ರಶ್ನೆಯಿಂದಲ್ಲ.

ಆ ಅಧಿಕಾರಿಯ ಮಾತಿನಲ್ಲಿ ಅರ್ಥಶಾಸ್ತ್ರದ ಒಂದು ಪಾಠವೇ ಇತ್ತು. ನಮ್ಮ ಮೃಗಾಲಯಗಳು ಬಹುಮಟ್ಟಿಗೆ ಪ್ರವೇಶ ಶುಲ್ಕವನ್ನು ನಂಬಿ ನಡೆಯುವಂಥವು. 2020ರಲ್ಲಿ ಕೊರೊನಾ ನಿರ್ಬಂಧದಿಂದ ಬಾಗಿಲು ಮುಚ್ಚಿದಾಗ, ಮೈಸೂರಿನಂಥ ಪ್ರತಿಷ್ಠಿತ ಮೃಗಾಲಯವೂ ಪ್ರಾಣಿಗಳ ಮೇವಿಗೆ ದಾನಿಗಳ ಮೊರೆಹೋಗಬೇಕಾಯಿತು. ಸಂಬಳ, ಮಾಂಸ, ಔಷಧ ಎಲ್ಲವೂ ಟಿಕೆಟ್ಟಿನಿಂದಲೇ ಬರಬೇಕೆಂದರೆ, ಯಾವ ಪ್ರಾಣಿಗೆ ಆಶ್ರಯದ ಅಗತ್ಯವಿದೆ ಎಂಬುದಕ್ಕಿಂತ ಯಾವ ಪ್ರಾಣಿ ಜನರನ್ನು ಸೆಳೆಯುತ್ತದೆ ಎಂಬುದೇ ನಿರ್ಧಾರಗಳನ್ನು ನಡೆಸುತ್ತದೆ. ಇದರಲ್ಲಿ ಯಾರೊಬ್ಬರ ದುರುದ್ದೇಶವೂ ಬೇಕಿಲ್ಲ. ಆದಾಯದ ಮೂಲ ಎಲ್ಲಿದೆಯೋ ಸಂಸ್ಥೆಯ ಮುಖ ಅತ್ತಲೇ ತಿರುಗುತ್ತದೆ.

ಇದರ ಪರಿಣಾಮವನ್ನು ಪೋಲೋ ಎಂಬ ಗೊರಿಲ್ಲಾ ಅನುಭವಿಸಿತು. ಕುಟುಂಬವಾಗಿ ಬಾಳುವ ಆ ಪ್ರಾಣಿ ಮೈಸೂರಿನಲ್ಲಿ ದೇಶದ ಏಕೈಕ ಗೊರಿಲ್ಲಾ ಎಂಬ ಹೆಗ್ಗಳಿಕೆಯನ್ನು ಹೊತ್ತುಕೊಂಡೇ 2014ರಲ್ಲಿ ತೀರಿಕೊಂಡಿತು. ಏಕೈಕ ಎಂಬ ಪದ ಪ್ರವಾಸಿ ಕೈಪಿಡಿಯಲ್ಲಿ ಹಿರಿಮೆ; ಗೊರಿಲ್ಲಾದ ಪಾಲಿಗೆ ಏನಾಗಿದ್ದೀತು? 2021ರಲ್ಲಿ ಜರ್ಮನಿಯಿಂದ ಥಾಬೊ ಮತ್ತು ಡೆಂಬಾ ಎಂಬ ಅಣ್ಣ ತಮ್ಮಂದಿರನ್ನು ತರಲಾಯಿತು. ಒಂದರ ಬದಲು ಎರಡು. ಅಷ್ಟರ ಮಟ್ಟಿಗೆ ಮೇಲು ಎನ್ನಬೇಕು. ದೆಹಲಿಯ ಮೃಗಾಲಯದಲ್ಲಿದ್ದ ಶಂಕರ್ ಎಂಬ ಆಫ್ರಿಕಾದ ಆನೆಯದು ಇನ್ನೂ ದೀರ್ಘವಾದ ಒಂಟಿತನ. ಜಿಂಬಾಬ್ವೆ 1998ರಲ್ಲಿ ರಾಜತಾಂತ್ರಿಕ ಉಡುಗೊರೆಯಾಗಿ ಕಳುಹಿಸಿದ ಆ ಆನೆ, ಜೊತೆಗಾತಿ ಸತ್ತ ಮೇಲೆ ವರ್ಷಗಟ್ಟಲೆ ಒಂಟಿಯಾಗಿದ್ದು 2025ರ ಸೆಪ್ಟೆಂಬರಿನಲ್ಲಿ ಸತ್ತಿತು. ಆನೆಗಳನ್ನು ಮೃಗಾಲಯಗಳಲ್ಲಿ ಇಡಕೂಡದು, ಶಿಬಿರಗಳಿಗೆ ಕಳುಹಿಸಬೇಕೆಂದು ಕೇಂದ್ರೀಯ ಪ್ರಾಧಿಕಾರವೇ 2009ರಲ್ಲಿ ಸುತ್ತೋಲೆ ಹೊರಡಿಸಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ನಮ್ಮ ಸುತ್ತೋಲೆಗಳ ಆಯುಷ್ಯದ ಬಗ್ಗೆ ಹೆಚ್ಚು ಹೇಳದಿರುವುದೇ ಮೇಲು. ಮೂವತ್ತು ವರ್ಷ ಅವುಗಳ ನಡುವೆಯೇ ಬಾಳಿದವನು ನಾನು.

ಇನ್ನು ಶಿಕ್ಷಣದ ಮಾತು. ಕಮಲಾಪುರದ ಬಳಿಯ ಬಿಳಿಕಲ್ಲು ಅರಣ್ಯದಲ್ಲಿ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯ ಇದೆ. ಬಳ್ಳಾರಿ ನಗರದ ಇಕ್ಕಟ್ಟಾದ ಹಳೆಯ ಮೃಗಾಲಯದ ಪ್ರಾಣಿಗಳನ್ನು ಇಲ್ಲಿನ ವಿಶಾಲ ಆವರಣಗಳಿಗೆ ಸಾಗಿಸಿದ್ದು ಖಂಡಿತವಾಗಿ ಒಳ್ಳೆಯ ಕೆಲಸ. ನಮ್ಮ ಭಾಗದ ಶಾಲಾ ಪ್ರವಾಸದ ಬಸ್ಸುಗಳಿಗೆ ಈಗ ಹಂಪಿಯೊಂದಿಗೆ ಅದೂ ಒಂದು ನಿಲುಗಡೆ. ಸಾಲಗುಂದದ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಬಂದ ಶಿಕ್ಷಕರೊಬ್ಬರ ಮುಂದೆ ನನ್ನ ತಕರಾರನ್ನು ಹೇಳಿದೆ. ಅವರು ಬಿಡಲಿಲ್ಲ. ‘ಸಾಹೇಬ್ರ, ನೀವು ಬಂಡೀಪುರ ನೋಡೀರಿ, ಕಬಿನಿ ನೋಡೀರಿ. ನಮ್ಮ ಹುಡುಗರ ಅಪ್ಪ ಅವ್ವ ದುಡಿಯಾಕ ಬೆಂಗಳೂರಿಗೆ ಹೋಗ್ಯಾರ. ಈ ಮಕ್ಕಳಿಗೆ ಹುಲಿ ತೋರಿಸೋದು ಹ್ಯಾಂಗ ಹೇಳ್ರಿ?’

ಇದು ತಳ್ಳಿಹಾಕುವ ಮಾತಲ್ಲ. ಕಾಡಿನ ಸಫಾರಿ ಉಳ್ಳವರ ವಿಲಾಸವಾಗಿದೆ. ಮೃಗಾಲಯ ಬಡವನ ಕಾಡು. ಮೃಗಾಲಯ ಮುಚ್ಚಿರೆಂದು ನಗರದ ತಂಪಾದ ಸಭಾಂಗಣದಲ್ಲಿ ಕುಳಿತು ಠರಾವು ಮಾಡುವವರು ಈ ಶಿಕ್ಷಕರನ್ನು ಒಮ್ಮೆ ಎದುರಿಸಬೇಕು. ಜಾನ್ ಕ್ರುಟಿಲ್ಲಾ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1967ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಇರುವಿಕೆಯ ಮೌಲ್ಯವೆಂಬ ವಿಚಾರವನ್ನು ಮುಂದಿಟ್ಟ. ತಾನು ಎಂದೂ ಹೋಗಿ ನೋಡದ ಕಾಡು, ಎಂದೂ ಕಾಣದ ಪ್ರಾಣಿ ಎಲ್ಲೋ ಇದೆ ಎಂಬ ಅರಿವೇ ಮನುಷ್ಯನಿಗೆ ಬೆಲೆಯುಳ್ಳದ್ದು ಎಂಬುದು ಅದರ ಸಾರ. ತರಗತಿಯಲ್ಲಿ ಬಹಳ ಇಷ್ಟಪಟ್ಟು ಓದಿದ ವಿಚಾರವಿದು. ಆದರೆ ಹತ್ತು ವರ್ಷದ ಹುಡುಗನಿಗೆ ಕ್ರುಟಿಲ್ಲಾ ಸಾಲುವುದಿಲ್ಲ. ಅವನಿಗೆ ಹುಲಿಯೇ ಬೇಕು.

ಹಾಗಾಗಿ ಹುಲಿಯ ವಿಷಯದಲ್ಲಿ ಶಿಕ್ಷಕರಿಗೆ ಅರ್ಧ ಸೋಲೊಪ್ಪುತ್ತೇನೆ. ಹಳ್ಳಿಗೆ ನುಗ್ಗಿ ಸೆರೆಸಿಕ್ಕಿದ, ಸರ್ಕಸ್ಸಿನಿಂದ ಬಿಡಿಸಿ ತಂದ, ಮರಳಿ ಕಾಡಿಗೆ ಬಿಡಲಾಗದ ಹುಲಿ ಚಿರತೆಗಳು ಹೇಗೂ ಇರುತ್ತವೆ. ಅವುಗಳನ್ನು ವಿಶಾಲವಾದ ಜಾಗದಲ್ಲಿಟ್ಟು, ಇದು ಇಲ್ಲಿಗೇಕೆ ಬಂತೆಂದು ಫಲಕದಲ್ಲಿ ಬರೆದರೆ ಮಕ್ಕಳು ನೋಡಲಿ. ಬನ್ನೇರುಘಟ್ಟದ ರಾಜು ಕರಡಿಯ ಮೂತಿಯ ಗಾಯದ ಕಥೆಯಿಂದ ಕಲಿಯುವಷ್ಟು ಪಾಠ ಆರೋಗ್ಯವಂತ ಕರಡಿಯ ಪಂಜರದಿಂದ ಸಿಗುವುದಿಲ್ಲ. ಪ್ರವಾಸ ಹೋಗಿ ಬಂದ ಹುಡುಗನೊಬ್ಬನನ್ನು ಏನು ನೋಡಿದೆಯಪ್ಪಾ ಎಂದು ಕೇಳಿದೆ. ‘ಹುಲಿ ನೋಡಿದ್ವಿರಿ. ಮಲ್ಕೊಂಡಿತ್ತು’ ಎಂದ.

ಆದರೆ ಚಿಗರಿ? ಸಿಂಧನೂರಿನಿಂದ ಹೊರಡುವ ಅದೇ ಪ್ರವಾಸದ ಬಸ್ಸನ್ನು ಕುಷ್ಟಗಿಯ ಮೇಲೆ ಯಲಬುರ್ಗಾ ಕಡೆಗೆ ತಿರುಗಿಸಿ, ಬೆಳಗಿನ ಹೊತ್ತು ಎರೆ ಹೊಲದ ಬದುವಿನಲ್ಲಿ ಮಕ್ಕಳನ್ನು ನಿಲ್ಲಿಸಿದರೆ ಸಾಕು. ಟಿಕೆಟ್ಟಿಲ್ಲ, ಬೇಲಿಯಿಲ್ಲ. ಕಪ್ಪು ಗಂಡು ಕತ್ತೆತ್ತಿ ತಿರುಚು ಕೊಂಬನ್ನು ಬೆನ್ನಿಗೆ ಚೆಲ್ಲಿ ನಡೆಯುವುದನ್ನೂ, ಹಿಂಡಿಗೆ ಹಿಂಡೇ ನೆಲದಿಂದ ಚಿಮ್ಮಿ ಓಡುವುದನ್ನೂ ಅವರು ಕಣ್ಣಾರೆ ಕಾಣಬಲ್ಲರು. ನಮ್ಮ ಸೀಮೆಯಲ್ಲಿ ಬಡ ಮಕ್ಕಳಿಗೂ ಬಯಲಿನಲ್ಲಿ ಪುಕ್ಕಟೆ ಕಾಣಸಿಗುವ ದೊಡ್ಡ ಕಾಡುಪ್ರಾಣಿ ಇದೊಂದೇ ಇರಬೇಕು. ಅದನ್ನೇ ಹಿಡಿದು ಆವರಣದಲ್ಲಿಟ್ಟು ಶುಲ್ಕ ವಿಧಿಸುವುದಕ್ಕೆ ಶಿಕ್ಷಣವೆಂಬ ಹೆಸರು ಒಪ್ಪುವುದಿಲ್ಲ.

ಮಕ್ಕಳು ನಿಂತು ನೋಡುವ ಆ ಹೊಲ ಒಬ್ಬ ರೈತನದೆಂಬುದನ್ನು ಮರೆಯಬಾರದು. ಮೊಳಕೆಯೊಡೆದ ಹೆಸರು, ಕಡಲೆಯನ್ನು ರಾತ್ರಿ ಬೆಳಗಾಗುವುದರಲ್ಲಿ ಹಿಂಡು ಮೇಯ್ದುಹೋದರೆ ಅವನ ಪಾಲಿಗೆ ಅದು ದೃಶ್ಯವೈಭವವಲ್ಲ. ಆ ಭಾಗದ ರೈತರು ಚಿಗರಿಗಳನ್ನೆಲ್ಲ ಹಿಡಿದು ಜಿಂಕೆ ವನ ಮಾಡಿರೆಂದು ಬಹುಕಾಲದಿಂದ ಒತ್ತಾಯಿಸುತ್ತಿದ್ದಾರೆ. ಅವರ ಕಷ್ಟ ನಿಜ. ಪರಿಹಾರದ ಹಣಕ್ಕೆ ಅಲೆದಾಡುವುದು ಬೆಳೆ ಹೋದದ್ದಕ್ಕಿಂತ ದೊಡ್ಡ ಶಿಕ್ಷೆ ಎಂದು ಅವರು ಹೇಳಿದರೆ ಆಡಳಿತದಲ್ಲಿದ್ದ ನಾನು ನಂಬುತ್ತೇನೆ. ಆದರೆ ಬೇಲಿ ಹಾಕಿದ ಜಿಂಕೆ ವನವೆಂದರೆ ಭೂತರಾಮನಹಟ್ಟಿಯೇ ಇನ್ನೂ ದೊಡ್ಡ ಪ್ರಮಾಣದಲ್ಲಿ. ಬಯಲಿನ ಹಿಂಡಿಗೆ ರೋಗ ಬಂದರೆ ಚದುರಿಹೋಗಲು ಜಾಗವಿದೆ. ಒಂದೇ ಆವರಣ, ಒಂದೇ ತೊಟ್ಟಿ, ಒಂದೇ ಮೇವಿನ ಕಣಿವೆ ಇರುವೆಡೆ ಒಂದಕ್ಕೆ ಬಂದದ್ದು ಎಲ್ಲಕ್ಕೂ ಬರುತ್ತದೆ. ಹಿಡಿಯುವುದೂ ಸುಲಭವಲ್ಲ, ಹಿಡಿದಾಗಿನ ಗಾಬರಿಗೇ ಸ್ನಾಯುಗಳು ಹಾಳಾಗಿ ಸಾಯುವಷ್ಟು ಸೂಕ್ಷ್ಮ ಜೀವ ಅದು.

ಮಧ್ಯಪ್ರದೇಶ ಬೇರೊಂದು ದಾರಿ ತುಳಿಯಿತು. 2025ರಲ್ಲಿ ಶಾಜಾಪುರ ಸೀಮೆಯಲ್ಲಿ ಬೆಳೆಗೆ ಬೀಳುತ್ತಿದ್ದ ನೂರಾರು ಚಿಗರಿಗಳನ್ನು ಹೆಲಿಕಾಪ್ಟರಿನ ನೆರವಿನಿಂದ, ಲಾಳಿಕೆಯಂತೆ ಕಿರಿದಾಗುತ್ತ ಹೋಗುವ ಮರೆಗಳೊಳಗೆ ನಿಧಾನವಾಗಿ ಅಟ್ಟಿ, ವಾಹನಗಳಲ್ಲಿ ಸಾಗಿಸಿ ಸಂರಕ್ಷಿತ ಅರಣ್ಯಗಳಿಗೆ ಬಿಟ್ಟರು. ಖರ್ಚಿನ ಕೆಲಸವೇ. ಆದರೆ ಪ್ರಾಣಿ ಬಯಲಿನಿಂದ ಬಯಲಿಗೆ ಹೋಯಿತು, ಬೇಲಿಗಲ್ಲ. ನಮ್ಮಲ್ಲಿ ಅಂಥ ಬಯಲು ಎಲ್ಲಿದೆ ಎಂದರೆ, ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಇರಬೇಕಿತ್ತು. 119 ಚದರ ಕಿಲೋಮೀಟರಿನ ಆ ಪ್ರದೇಶದ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿ, ಹುಲ್ಲು ಬೇಕಾದ ಪ್ರಾಣಿಯ ಹೆಸರಿನ ಅಭಯಾರಣ್ಯದಲ್ಲಿ ಹುಲ್ಲಿಗೇ ಜಾಗ ಕಡಿಮೆಯಾಯಿತು. ನೆಡುತೋಪನ್ನು ಹಂತಹಂತವಾಗಿ ತೆಗೆದು ಹುಲ್ಲುಗಾವಲನ್ನು ಮರಳಿ ಬೆಳೆಸುವುದು ಹೊಸ ಜಿಂಕೆ ವನಕ್ಕಿಂತ ಅಗ್ಗವೋ ದುಬಾರಿಯೋ ಎಂಬ ಲೆಕ್ಕವನ್ನು ಯಾರಾದರೂ ಯುವ ಅರ್ಥಶಾಸ್ತ್ರಜ್ಞರು ಕೈಗೆತ್ತಿಕೊಳ್ಳಬೇಕು.

ಬೇಲಿಗೂ ಬಯಲಿಗೂ ನಡುವಿನ ಮಾದರಿಯೊಂದು ನಮ್ಮ ಹತ್ತಿರದಲ್ಲೇ ಇದೆ. 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮದಲ್ಲಿ ಕರಡಿಗಳಿಗೆ ಪಂಜರವಿಲ್ಲ. ಎದುರಿನ ಬಂಡೆಗಳಿಗೆ ಬೆಲ್ಲದ ಪಾಕ ಸವರುತ್ತಾರೆ, ಸಂಜೆಯ ಹೊತ್ತಿಗೆ ಕರಡಿಗಳು ಇಳಿದುಬರುತ್ತವೆ, ಜನ ವೀಕ್ಷಣಾ ಗೋಪುರದಿಂದ ನೋಡುತ್ತಾರೆ. ಬೆಲ್ಲದ ಆಮಿಷ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕಾಡಿನ ಕರಡಿಯನ್ನು ವೇಳಾಪಟ್ಟಿಗೆ ಒಗ್ಗಿಸುವುದು ಸಣ್ಣ ವಿಷಯವಲ್ಲ. ಆದರೂ ಬರಲು ಮನಸ್ಸಿಲ್ಲದ ದಿನ ಕರಡಿ ಬಾರದಿರಬಹುದು. ಅಂದು ಟಿಕೆಟ್ ತೆಗೆದುಕೊಂಡವರು ಬರಿಗೈಯಲ್ಲಿ ಮರಳುತ್ತಾರೆ. ಆ ಹಕ್ಕು ಅದಕ್ಕಿದೆ ಎಂಬುದೇ ದೊಡ್ಡ ವ್ಯತ್ಯಾಸ.

ಭೂತರಾಮನಹಟ್ಟಿಯಲ್ಲಿ ರೋಗದಿಂದ ಉಳಿದದ್ದು ಏಳು ಚಿಗರಿ. ಬೇಲಿಯೊಳಗೆ ಬೆಳೆದ ಅವನ್ನು ಏಕಾಏಕಿ ಬಯಲಿಗೆ ಬಿಡುವುದು ನಾಯಿಗಳಿಗೆ ಒಪ್ಪಿಸಿದಂತೆ. ರೋಗ ತಗುಲಿದ ಆವರಣದಿಂದ ಹೊರಗಿನ ಹಿಂಡುಗಳ ಬಳಿಗೆ ಒಯ್ಯುವುದೂ ಅಪಾಯ. ಅವು ಅಲ್ಲಿಯೇ ಒಳ್ಳೆಯ ಆರೈಕೆಯಲ್ಲಿ ಬಾಳಲಿ. ಗಂಡು ಹೆಣ್ಣುಗಳನ್ನು ಬೇರ್ಪಡಿಸಿ ಸಂತತಿ ಬೆಳೆಯದಂತೆ ನೋಡಿಕೊಳ್ಳುವುದು ಕಷ್ಟವಲ್ಲ. ಖಾಲಿಯಾದ ಜಾಗವನ್ನು ತುಂಬಲು ಬೇರೆ ಮೃಗಾಲಯದಿಂದ ಮತ್ತೊಂದು ಹಿಂಡನ್ನು ತರುವ ಪ್ರಸ್ತಾವ ಇಂದಲ್ಲ ನಾಳೆ ಯಾವುದಾದರೂ ಕಡತದಲ್ಲಿ ಬಂದೇ ಬರುತ್ತದೆ. ಆ ಕಡತ ಯಾರ ಮೇಜಿಗೆ ಬರುತ್ತದೋ ಅವರು ಒಪ್ಪಿಗೆಯ ಸಹಿ ಹಾಕುವ ಮುನ್ನ, ತರಲಿರುವ ಒಂದೊಂದು ಪ್ರಾಣಿಯ ಎದುರಿಗೂ ಕಾರಣವನ್ನು ಬರೆಸಿಕೊಳ್ಳಲಿ.